ನ್ಯಾಯಪೀಠದ ಭಾಷೆ: ಬ್ರಿಯನ್ ಫ್ರೀಲನ ಡೆರಿ ನಾಟಕ

ಐರ್ಲೆಂಡಿನ ಹೆಸರು ಕನ್ನಡ ವಾಚಕರಿಗೆ ಹೊಸದೇನೂ ಅಲ್ಲ. ನಮ್ಮ ಸ್ವಾತಂತ್ರ್ಯ ಸಂಗ್ರಾಮದ ದಿನಗಳಲ್ಲಿ ಡಿ ವೇಲೆರಾನ ಹೆಸರು ಇಲ್ಲಿಯೂ ಪರಿಚಿತವಾಗಿದ್ದಿತು. ಕಾರ್ಕ್ ನಗರದ ಮೇಯರನಾಗಿದ್ದ ಮ್ಯಾಕ್‌ಸ್ವಿನಿಯು ೧೯೨೦ರಲ್ಲಿ ಎಪ್ಪತ್ತನಾಲ್ಕು ದಿನ ಉಪವಾಸವಿದ್ದು ಆಂಗ್ಲರ ಸೆರೆಮನೆಯಲ್ಲಿ ಪ್ರಾಣಬಿಟ್ಟುದನ್ನು ನಮ್ಮ ಹಿರಿಯರು ಆದರದಿಂದ ನೆನೆಯುತ್ತಿದ್ದರು. ಯೇಟ್ಸನ ಕಾವ್ಯವೂ ಸಿಂಜನ ನಾಟಕಗಳೂ ಇಲ್ಲಿಯ ಸಾಹಿತ್ಯಾಭ್ಯಾಸಿಗಳ ಓದಿನಲ್ಲಿ ಸೇರಿಕೊಂಡುವು. ಆದರೆ ನಾವು ಬಲ್ಲ ಐರ್ಲೆಂಡು ಬಹುಮಟ್ಟಿಗೆ ೧೯೨೧ರ ಒಪ್ಪಂದದೊಡನೆ ಮುಗಿದುಹೋಗುತ್ತದೆ. ಆ ದ್ವೀಪದ ಈಶಾನ್ಯ ಭಾಗದ ಆರು ಜಿಲ್ಲೆಗಳು ಬ್ರಿಟನ್ನಿನೊಡನೆಯೇ ಉಳಿದುದು, ಅಲ್ಲಿ ಕ್ಯಾಥೊಲಿಕರಿಗೂ ಪ್ರಾಟೆಸ್ಟಂಟರಿಗೂ ಇದ್ದ ವೈಮನಸ್ಯ ೧೯೬೮ರ ತರುವಾಯ ಬಂದೂಕು ಬಾಂಬುಗಳ ರೂಪವನ್ನು ತಾಳಿ ಮೂವತ್ತು ವರ್ಷಗಳಲ್ಲಿ ೩,೫೦೦ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡುದು, ಇವು ನಮಗೆ ವೃತ್ತಪತ್ರಿಕೆಯ ಸುದ್ದಿಗಳಾಗಿ ಮಾತ್ರ ಬಂದುವು. ಆ ಕಾಲದೊಳಗಿಂದಲೇ ಹುಟ್ಟಿದ ಒಂದು ನಾಟಕವನ್ನು ಪ್ರಕೃತ ಲೇಖನದಲ್ಲಿ ವಿವೇಚಿಸಬೇಕೆಂದಿದ್ದೇವೆ. ಬ್ರಿಯನ್ ಫ್ರೀಲನ ‘ದಿ ಫ್ರೀಡಮ್ ಆಫ್ ದಿ ಸಿಟಿ’ ಎಂಬ ಈ ಕೃತಿ ೧೯೭೩ರ ಫೆಬ್ರವರಿಯಲ್ಲಿ ಮೊದಲು ಡಬ್ಲಿನ್ನಿನ ಆಬಿ ರಂಗಮಂದಿರದಲ್ಲಿ, ಒಂದೆರಡು ವಾರಗಳೊಳಗೆ ಲಂಡನ್ನಿನ ರಾಯಲ್ ಕೋರ್ಟಿನಲ್ಲಿ ಪ್ರದರ್ಶಿತವಾಯಿತು. ಭಯೋತ್ಪಾದನೆಯನ್ನು ಎದುರಿಸಬೇಕಾದ ಸರಕಾರ ಏನು ಮಾಡಬೇಕೆಂಬುದನ್ನು ಕುರಿತು ರಾಜ್ಯಶಾಸ್ತ್ರಜ್ಞರು ಬರೆದುದು ಬೇಕಾದಷ್ಟಿದೆ. ಹಾಗೆ ಎದುರಿಸುವಾಗ ತಾನು ಮಾಡಿದುದನ್ನು ಸರಕಾರ ಯಾವ ಮಾತುಗಳಲ್ಲಿ ಹೇಳಿಕೊಳ್ಳುತ್ತದೆ ಎಂಬ ಪ್ರಶ್ನೆಯನ್ನು ಇಷ್ಟು ಹತ್ತಿರದಿಂದ ನೋಡಿದ ಕೃತಿಗಳು ವಿರಳ.

ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ನಾಟಕ ನಡೆಯುವ ಊರು ಡೆರಿ. ಪ್ರಾಟೆಸ್ಟಂಟರಿಗೆ ಅದು ಲಂಡನ್‌ಡೆರಿ. ಹದಿನೇಳನೆಯ ಶತಮಾನದ ಆದಿಯಲ್ಲಿ ಲಂಡನ್ನಿನ ವರ್ತಕ ಸಂಘಗಳು ಅಲ್ಲಿ ವಸಾಹತು ಹೂಡಿದಾಗ ಸೇರಿದ ಹೆಸರು. ಊರಿನ ಹೆಸರನ್ನು ಉಚ್ಚರಿಸಿದ ಮಾತ್ರಕ್ಕೆ ಆಡಿದವನ ಪಂಥ ತಿಳಿದುಬಿಡುವಂಥ ಊರು ಅದು. ೧೬೮೯ರಲ್ಲಿ ಕ್ಯಾಥೊಲಿಕ್ ದೊರೆಯ ಸೈನ್ಯ ಅದನ್ನು ೧೦೫ ದಿನ ಮುತ್ತಿದ್ದಿತು. ಕೋಟೆಯೊಳಗಿನ ಪ್ರಾಟೆಸ್ಟಂಟರು ಹಸಿವೆಯಿಂದ ಸಾಯುತ್ತಲೂ ಬಾಗಿಲು ತೆರೆಯಲಿಲ್ಲ. ಆ ಸ್ಮರಣೆಯ ಮೆರವಣಿಗೆಗಳು ಇಂದಿಗೂ ವರ್ಷ ವರ್ಷವೂ ನಡೆಯುತ್ತವೆ. ಹೀಗೆಂದ ಮಾತ್ರಕ್ಕೆ ಅಲ್ಲಿಯ ಜಗಳವು ಮತತತ್ತ್ವದ ಜಗಳವೆಂದು ತಿಳಿಯಬಾರದು. ಇಪ್ಪತ್ತನೆಯ ಶತಮಾನದ ಡೆರಿಯಲ್ಲಿ ಪೋಪನ ಅಧಿಕಾರವನ್ನು ಕುರಿತು ಯಾರೂ ಯಾರನ್ನೂ ಕೊಂದಂತಿಲ್ಲ. ಪ್ರಶ್ನೆಯಿದ್ದುದು ಮನೆ, ಕೆಲಸ ಮತ್ತು ಮತಗಳದು. ಊರಿನಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಜನ ಕ್ಯಾಥೊಲಿಕರು. ಆದರೂ ವಾರ್ಡುಗಳನ್ನು ವಿಂಗಡಿಸಿದ್ದ ಜಾಣ್ಮೆಯಿಂದಾಗಿ ನಗರಸಭೆಯ ಇಪ್ಪತ್ತು ಸ್ಥಾನಗಳಲ್ಲಿ ಹನ್ನೆರಡು ಯೂನಿಯನಿಸ್ಟರ ಕೈಯಲ್ಲಿದ್ದುವು. ಸ್ಥಳೀಯ ಚುನಾವಣೆಯ ಮತದಾನದ ಹಕ್ಕು ಮನೆಯ ಒಡೆತನಕ್ಕೆ ಅಥವಾ ಬಾಡಿಗೆಗೆ ಅಂಟಿಕೊಂಡಿದ್ದಿತು. ಆದುದರಿಂದ ಒಬ್ಬ ಕ್ಯಾಥೊಲಿಕನಿಗೆ ಮನೆ ಹಂಚುವುದೆಂದರೆ ಒಂದು ಮತವನ್ನು ಬಿಟ್ಟುಕೊಟ್ಟಂತೆ. ಫ್ರೀಲನು ಹತ್ತು ವರ್ಷದವನಾಗಿದ್ದಾಗಿನಿಂದ ಈ ಊರಿನಲ್ಲಿ ಬೆಳೆದವನು, ಇಲ್ಲಿ ಶಾಲೆಯ ಉಪಾಧ್ಯಾಯನಾಗಿದ್ದವನು. ಅವನ ತಂದೆ ಇದೇ ನಗರಸಭೆಯಲ್ಲಿ ಸದಾ ಸೋಲುವ ಪಕ್ಷದ ಸದಸ್ಯನಾಗಿದ್ದವನು. ಆ ನಗರಸಭೆ ಕೂಡುತ್ತಿದ್ದ ಕಟ್ಟಡವೇ ಗಿಲ್ಡ್‌ಹಾಲ್, ಎಂದರೆ ನಗರಭವನ. ಅದರ ಮೇಯರನ ಕೊಠಡಿಯೇ ನಾಟಕದ ರಂಗಸ್ಥಳ.

ಕಥೆ ಸರಳವಾದುದು. ಕಾಲ ೧೯೭೦. ನಾಗರಿಕ ಹಕ್ಕುಗಳಿಗಾಗಿ ಹೊರಟ, ಸರಕಾರ ನಿಷೇಧಿಸಿದ್ದ ಒಂದು ಮೆರವಣಿಗೆಯ ಮೇಲೆ ಸೈನಿಕರು ಅಶ್ರುವಾಯುವನ್ನು ಬಿಡುತ್ತಾರೆ. ಕಣ್ಣು ಕಾಣದೆ ಓಡಿದ ಮೂವರು ಕೈಗೆ ಸಿಕ್ಕಿದ ಬಾಗಿಲನ್ನು ತಳ್ಳಿ ಒಳಹೊಕ್ಕು, ಉಸಿರು ತಿರುಗಿದ ಮೇಲೆ ನೋಡಿದರೆ ತಾವು ಮೇಯರನ ಕೊಠಡಿಯಲ್ಲಿದ್ದೇವೆಂದು ತಿಳಿದು ಬೆರಗಾಗುತ್ತಾರೆ. ಒಬ್ಬಳು ಹನ್ನೊಂದು ಮಕ್ಕಳ ತಾಯಿ ಲಿಲಿ ಡೊಹರ್ಟಿ. ಇನ್ನೊಬ್ಬನು ಮೈಕೆಲ್, ಶಿಸ್ತಿನ ಶಾಂತಿಯುತ ಚಳವಳಿಯಲ್ಲಿ ನಿಜವಾದ ಶ್ರದ್ಧೆಯುಳ್ಳ ನಿರುದ್ಯೋಗಿ ತರುಣ. ಮೂರನೆಯವನು ಸ್ಕಿನರ್ ಎಂಬ ಅಡ್ಡಹೆಸರಿನ ಮನೆಮಾರಿಲ್ಲದ ಅಲೆಮಾರಿ. ಒಳಗೆ ಇವರು ಮೇಯರನ ಮದ್ಯವನ್ನು ಕುಡಿಯುತ್ತಾರೆ, ಅವನ ನಿಲುವಂಗಿಗಳನ್ನು ತೊಟ್ಟು ನಗುತ್ತಾರೆ, ಒಬ್ಬರಿಗೊಬ್ಬರು ನಗರದ ಗೌರವ ಪೌರತ್ವವನ್ನು ದಯಪಾಲಿಸಿಕೊಳ್ಳುತ್ತಾರೆ. ನಾಟಕದ ಹೆಸರಿನ ಶ್ಲೇಷೆ ಇರುವುದು ಇಲ್ಲಿ: ಇಂಗ್ಲೆಂಡಿನ ನಗರಗಳು ಗಣ್ಯರಿಗೆ ಕೊಡುವ ಬಿರುದೂ ಅದೇ, ನಗರದಲ್ಲಿ ನಿರ್ಭಯವಾಗಿ ನಡೆದಾಡುವ ಸ್ವಾತಂತ್ರ್ಯವೂ ಅದೇ. ಒಂದು ನಗರದಲ್ಲಿ ವಾಸಮಾಡುವುದು ಬೇರೆ, ಆ ನಗರದವನೆಂದು ಎಣಿಸಲ್ಪಡುವುದು ಬೇರೆ ಎಂಬುದು ಹೊರನಾಡಿನಲ್ಲಿ ನೆಲಸಿರುವ ನಮ್ಮಂಥವರಿಗೆ ವಿವರಿಸಿ ಹೇಳಬೇಕಾದ ಸಂಗತಿಯಲ್ಲ. ಹೊರಗೆ ಸೈನ್ಯ ಭವನವನ್ನು ಸುತ್ತುವರಿಯುತ್ತದೆ. ಕಡೆಗೆ ಮೂವರೂ ಕೈಗಳನ್ನು ತಲೆಯ ಮೇಲಿರಿಸಿಕೊಂಡು ಹೊರಬರುತ್ತಾರೆ, ಗುಂಡಿಗೆ ಬಲಿಯಾಗುತ್ತಾರೆ.

ಇದು ಕೊನೆಯಲ್ಲಿ ತಿಳಿಯುವ ಸಂಗತಿಯಲ್ಲ. ತೆರೆ ಸರಿದೊಡನೆ ಕಾಣುವುದೇ ಮೂರು ಹೆಣಗಳು. ಒಬ್ಬ ಛಾಯಾಗ್ರಾಹಕ ಬರುತ್ತಾನೆ, ಒಬ್ಬ ಪಾದ್ರಿ ಬರುತ್ತಾನೆ, ಮೇಲೊಂದು ಎತ್ತರದಲ್ಲಿ ನ್ಯಾಯಾಧೀಶ ಕುಳಿತಿರುತ್ತಾನೆ. ವಿಚಾರಣೆಯೂ ಸತ್ತವರ ಕಡೆಯ ಗಂಟೆಗಳೂ ಅಕ್ಕಪಕ್ಕದಲ್ಲಿ ಒಂದರೊಳಗೊಂದು ಹಾಯುತ್ತ ನಡೆಯುತ್ತವೆ. ಏನಾಯಿತೆಂಬುದನ್ನು ನಾವು ಕಣ್ಣಾರೆ ಕಾಣುತ್ತಿರುವಾಗಲೇ, ಏನಾಯಿತೆಂದು ನಿರ್ಧರಿಸಲ್ಪಡುತ್ತಿರುವುದನ್ನೂ ಕಿವಿಯಾರೆ ಕೇಳುತ್ತೇವೆ. ನಾಟಕದ ಸತ್ತ್ವವೆಲ್ಲ ಈ ಎರಡರ ನಡುವಿನ ಅಂತರದಲ್ಲಿದೆ.

ಫ್ರೀಲನ ನ್ಯಾಯಾಧೀಶನು ದುಷ್ಟನಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಹಲವು ವಿಮರ್ಶಕರು, ಮುಖ್ಯವಾಗಿ ನಾಟಕವನ್ನು ಪ್ರಚಾರಕೃತಿಯೆಂದು ತಳ್ಳಿಹಾಕಿದ ಆಂಗ್ಲ ವಿಮರ್ಶಕರು, ಇದನ್ನು ಕಾಣಲಿಲ್ಲ. ಅವನು ಸಭ್ಯ, ನಿಧಾನಿ, ತನ್ನ ಕರ್ತವ್ಯವನ್ನು ಬಲ್ಲವನು. ಇದು ಶಿಕ್ಷೆ ವಿಧಿಸುವ ನ್ಯಾಯಾಲಯವಲ್ಲ, ಸಂಗತಿಗಳನ್ನು ಶೋಧಿಸುವ ಮಂಡಲಿ ಮಾತ್ರ ಎಂದು ಆರಂಭದಲ್ಲಿಯೇ ಹೇಳುತ್ತಾನೆ. ನೈತಿಕ ನಿರ್ಣಯ ತನಗೆ ಸೇರಿದುದಲ್ಲವೆನ್ನುತ್ತಾನೆ. ಬಳಿಕ ಪ್ರಶ್ನೆಯನ್ನು ಹೀಗೆ ಎತ್ತಿಕೊಳ್ಳುತ್ತಾನೆ: ಈ ಮೂವರು ಮೊದಲೇ ಸಂಚು ಹೂಡಿ ನಗರಭವನವನ್ನು ವಶಪಡಿಸಿಕೊಂಡ ಭಯೋತ್ಪಾದಕರೋ, ಅಥವಾ ಸಭೆಯಲ್ಲಿದ್ದಾಗ ಹಠಾತ್ತಾಗಿ ಆ ದುರ್ಬುದ್ಧಿ ಹುಟ್ಟಿದವರೋ? ಪ್ರಶ್ನೆಯ ಎರಡು ಕವಲುಗಳಲ್ಲಿ ಯಾವುದನ್ನು ಆರಿಸಿಕೊಂಡರೂ ಸತ್ಯ ಹೊರಗೆ ಉಳಿಯುತ್ತದೆ. ಇನ್ನು ಮುಂದೆ ಒಂದೇ ಒಂದು ಸುಳ್ಳನ್ನೂ ಹೇಳದೆ ಅವನು ಅಸತ್ಯವನ್ನು ತಲಪಬಲ್ಲನು. ವೈಜ್ಞಾನಿಕ ಪರೀಕ್ಷಕನು ಬಂದು, ಒಬ್ಬನ ಕೈಯ ಮೇಲಿನ ಸೀಸದ ಕಣಗಳು ಬಂದೂಕನ್ನು ಹಾರಿಸಿದುದರಿಂದಲೂ ಬಂದಿರಬಹುದು, ಹೆಣವನ್ನು ಹೊತ್ತ ಸೈನಿಕರ ಸ್ಪರ್ಶದಿಂದಲೂ ಬಂದಿರಬಹುದು ಎನ್ನುತ್ತಾನೆ. ಆ ‘ಇರಬಹುದು’ಗಳು ತೀರ್ಪಿನ ವರೆಗಿನ ದಾರಿಯಲ್ಲಿ ಒಂದೊಂದಾಗಿ ಉದುರಿಹೋಗುತ್ತವೆ. ನಮ್ಮಲ್ಲಿ ಕಚೇರಿಯ ಕಾಗದಪತ್ರಗಳನ್ನು ಓದಿ ಬಲ್ಲವರಿಗೆ ಈ ಪ್ರಕ್ರಿಯೆ ಅಪರಿಚಿತವಲ್ಲ. ಕೆಳಗಿನ ಗುಮಾಸ್ತನ ಟಿಪ್ಪಣಿಯಲ್ಲಿದ್ದ ಸಂದೇಹ ಮೇಲಿನ ಅಧಿಕಾರಿಯ ಆಜ್ಞೆಯಲ್ಲಿ ನಿಶ್ಚಯವಾಗಿರುತ್ತದೆ. ನಡುವೆ ಯಾರೂ ಅಪ್ರಾಮಾಣಿಕರಾಗಿರುವುದಿಲ್ಲ.

ಆದರೆ ಸತ್ಯವನ್ನು ತಪ್ಪಿಸಿದವರು ಆಂಗ್ಲರು ಮಾತ್ರವೆಂದು ಫ್ರೀಲನು ಹೇಳುವುದಿಲ್ಲ. ಇಲ್ಲಿಯೇ ಅವನು ಪ್ರಚಾರಕನಿಂದ ಬೇರೆಯಾಗುವುದು. ಒಳಗಿರುವವರು ಮೂವರೇ. ಸೈನ್ಯದ ಹೇಳಿಕೆಯಲ್ಲಿ ಅವರು ನಲವತ್ತು ಮಂದಿ. ಡಬ್ಲಿನ್ನಿನ ಬಾನುಲಿಯವನಿಗೆ ಐವತ್ತು ಬಂದೂಕುಧಾರಿಗಳು. ಬೀದಿಯಲ್ಲಿ ಲಾವಣಿ ಹಾಡುವವನ ಬಾಯಲ್ಲಿ ನೂರು ಐರಿಶ್ ವೀರರು. ಪಾದ್ರಿ ಎರಡು ಸಲ ಉಪದೇಶ ಮಾಡುತ್ತಾನೆ. ಮೊದಲ ಸಲ ಸತ್ತವರು ತಮ್ಮ ನಂಬಿಕೆಗಾಗಿ ಮಡಿದ ಹುತಾತ್ಮರು. ಎರಡನೆಯ ಸಲ, ಬಹುತೇಕ ಅವೇ ವಾಕ್ಯಗಳಲ್ಲಿ, ಕಮ್ಯೂನಿಸ್ಟರ ಕೈಗೆ ಸಿಕ್ಕಿ ಕೆಟ್ಟವರು. ಅಮೆರಿಕದ ಸಮಾಜಶಾಸ್ತ್ರಜ್ಞನೊಬ್ಬನು ರಂಗದ ಅಂಚಿನಲ್ಲಿ ನಿಂತು ದಾರಿದ್ರ್ಯದ ಸಂಸ್ಕೃತಿಯನ್ನು ಕುರಿತು ಉಪನ್ಯಾಸ ಮಾಡುತ್ತಾನೆ. ಅವನು ಹೇಳುವುದರಲ್ಲಿ ತಪ್ಪೇನೂ ಇಲ್ಲ, ಸಹಾನುಭೂತಿಯೂ ಇದೆ. ಆದರೆ ಅವನ ಬೆನ್ನ ಹಿಂದೆಯೇ ಇರುವ ಲಿಲಿಯನ್ನು ಅವನು ತಿರುಗಿ ನೋಡುವುದಿಲ್ಲ. ಲಿಲಿ ಏತಕ್ಕಾಗಿ ಮೆರವಣಿಗೆಗೆ ಬಂದಳು? ಒಬ್ಬನಿಗೆ ಒಂದು ಮತ ಎಂಬುದಕ್ಕಾಗಿ ಎಂದು ಮೈಕೆಲನ ಊಹೆ. ನ್ಯಾಯಾಧೀಶನಿಗೆ ಆ ಪ್ರಶ್ನೆಯೇ ಇಲ್ಲ. ಅವಳು ಕಡೆಗೆ ಸಂಕೋಚದಿಂದ ಬಾಯಿಬಿಡುವ ಕಾರಣ ಬುದ್ಧಿ ಬೆಳೆಯದ ಅವಳ ಮಗ ಡೆಕ್ಲನ್. ಅವನಿಗೂ ಮೆರವಣಿಗೆಗೂ ಏನು ಸಂಬಂಧವೆಂದು ಗಂಡ ಅವಳನ್ನು ಹಳಿಯುತ್ತಾನೆ. ಅವಳಿಗೂ ವಿವರಿಸಲು ಬರುವುದಿಲ್ಲ. ಇಡೀ ನಾಟಕದಲ್ಲಿ ಇದಕ್ಕಿಂತ ಆಳವಾದ ಸ್ಥಳ ಮತ್ತೊಂದಿಲ್ಲವೆಂದು ನಮ್ಮ ಭಾವನೆ. ಜನರು ಬೀದಿಗೆ ಇಳಿಯುವುದಕ್ಕೆ ನಿಜವಾದ ಕಾರಣಗಳು ಎಷ್ಟೋ ಸಲ ಯಾವ ಬೇಡಿಕೆಯ ಪಟ್ಟಿಯಲ್ಲಿಯೂ ಸೇರುವುದಿಲ್ಲ.

ಈ ನಾಟಕ ಗಾಳಿಯಿಂದ ಹುಟ್ಟಿದುದಲ್ಲ. ೧೯೭೧ರ ಆಗಸ್ಟ್ ೯ರಂದು ಉತ್ತರ ಐರ್ಲೆಂಡಿನ ಸರಕಾರ ವಿಚಾರಣೆಯಿಲ್ಲದ ಬಂಧನವನ್ನು ಜಾರಿಗೆ ತಂದು ಮೊದಲ ದಿನವೇ ೩೪೨ ಜನರನ್ನು ಹಿಡಿಯಿತು. ಪೊಲೀಸರ ಪಟ್ಟಿಗಳು ಹಳೆಯವು. ತಪ್ಪು ಮನೆಗಳಿಗೆ ಹೋಗಿ ತಪ್ಪು ಜನರನ್ನು ಎಳೆತಂದರು. ಪ್ರಾಟೆಸ್ಟಂಟ್ ಪಕ್ಷದ ಬಂದೂಕುಧಾರಿಗಳೂ ಆಗ ಇದ್ದರಾದರೂ ಅವರನ್ನು ಮುಟ್ಟಲಿಲ್ಲ. ಹಿಂಸೆಯನ್ನು ಅಡಗಿಸಲೆಂದು ಕೈಗೊಂಡ ಈ ಕ್ರಮದ ಹಿಂದಿನ ಏಳು ತಿಂಗಳಲ್ಲಿ ಮೂವತ್ತು ಚಿಲ್ಲರೆ ಜನ ಸತ್ತಿದ್ದರೆ, ಮುಂದಿನ ಐದು ತಿಂಗಳಲ್ಲಿ ಸತ್ತವರ ಸಂಖ್ಯೆ ನೂರನ್ನು ಮೀರಿತು. ಈ ಬಂಧನವನ್ನು ಪ್ರತಿಭಟಿಸಿ ೧೯೭೨ರ ಜನವರಿ ೩೦ರ ಭಾನುವಾರ ಡೆರಿಯಲ್ಲಿ ಹೊರಟ ಮೆರವಣಿಗೆಯ ಮೇಲೆ ಪ್ಯಾರಾಶೂಟ್ ದಳದ ಸೈನಿಕರು ನೂರಕ್ಕೂ ಹೆಚ್ಚು ಗುಂಡುಗಳನ್ನು ಹಾರಿಸಿದರು. ಹದಿಮೂವರು ಅಂದೇ ಸತ್ತರು. ಗಾಯಗೊಂಡ ಇನ್ನೊಬ್ಬನು ಕೆಲವು ತಿಂಗಳ ಬಳಿಕ ಮಡಿದನು. ಆ ಮೆರವಣಿಗೆಯಲ್ಲಿ ಫ್ರೀಲನೂ ಇದ್ದನು. ಇಂಗ್ಲೆಂಡಿನ ಮುಖ್ಯ ನ್ಯಾಯಾಧೀಶನಾದ ಲಾರ್ಡ್ ವಿಜರಿಯು ವಿಚಾರಣೆಗೆ ನಿಯುಕ್ತನಾಗಿ, ಡೆರಿಯಲ್ಲಿ ಕೂಡದೆ ಕೋಲ್‌ರೇನ್ ಎಂಬ ಬೇರೆ ಊರಿನಲ್ಲಿ ಸಾಕ್ಷ್ಯ ಕೇಳಿ, ಏಪ್ರಿಲಿನಲ್ಲಿ ಚಿಕ್ಕದೊಂದು ವರದಿಯನ್ನು ಒಪ್ಪಿಸಿದನು. ಮೆರವಣಿಗೆಯೇ ನಡೆಯದಿದ್ದರೆ ಸಾವುಗಳು ಸಂಭವಿಸುತ್ತಿರಲಿಲ್ಲ. ಮೊದಲು ಗುಂಡು ಹಾರಿಸಿದವರು ಸೈನಿಕರಲ್ಲ. ಕೆಲವರ ಗುಂಡುಹಾರಿಕೆ ಮಾತ್ರ ಅವಿವೇಕದ ಅಂಚನ್ನು ಮುಟ್ಟಿತು. ಸತ್ತವರಲ್ಲಿ ಯಾರೂ ಬಂದೂಕನ್ನಾಗಲಿ ಬಾಂಬನ್ನಾಗಲಿ ಹಿಡಿದಿದ್ದಾಗ ಗುಂಡೇಟು ತಿಂದರೆಂದು ಸಿದ್ಧಪಟ್ಟಿಲ್ಲ; ಆದರೂ ಅವರಲ್ಲಿ ಕೆಲವರು ಆ ಮಧ್ಯಾಹ್ನ ಅಂಥವುಗಳನ್ನು ಬಳಸಿದ್ದರೆಂಬ ಬಲವಾದ ಸಂಶಯವಿದೆ. ಇದು ಅವನ ಸಿದ್ಧಾಂತದ ಸಾರ. ಈ ಕಡೆಯ ವಾಕ್ಯದ ‘ಆದರೂ’ ಎಂಬ ಪದವನ್ನು ವಾಚಕರು ಗಮನಿಸಬೇಕು. ಸತ್ತವರ ಮನೆಯವರು ಮೂವತ್ತೆಂಟು ವರ್ಷ ಹೋರಾಡಿದುದು ಬಹುಮಟ್ಟಿಗೆ ಆ ಒಂದು ಪದದೊಡನೆ. ಫ್ರೀಲನ ನ್ಯಾಯಾಧೀಶನ ಮಾತಿನ ಧಾಟಿ ಇದೇ.

ಇಲ್ಲಿ ನಮ್ಮ ದೇಶದ ಒಂದು ಸಂಗತಿ ಸಹಜವಾಗಿಯೇ ನೆನಪಿಗೆ ಬರುತ್ತದೆ. ಜಲಿಯನ್‌ವಾಲಾ ಬಾಗಿನಲ್ಲಿ ಗುಂಡು ಹಾರಿಸಿದ ಡಯರನು ಐರ್ಲೆಂಡಿನ ಕಾರ್ಕ್ ಸೀಮೆಯಲ್ಲಿ ಶಾಲೆ ಕಲಿತವನು. ಅವನ ಕೃತ್ಯವನ್ನು ಸಮರ್ಥಿಸಿದ ಪಂಜಾಬಿನ ಅಂದಿನ ಗವರ್ನರ್ ಓಡ್ವಾಯರನು ಟಿಪರರಿಯ ಐರಿಶ್ ಕ್ಯಾಥೊಲಿಕ್ ಮನೆತನದವನು. ತಮ್ಮ ದೇಶದವರು ಚಕ್ರಾಧಿಪತ್ಯದ ಬಂದೂಕಿನ ಎರಡು ತುದಿಗಳಲ್ಲಿಯೂ ಇದ್ದರೆಂಬುದನ್ನು ಐರಿಶ್ ಲೇಖಕರು ಬಲ್ಲರು. ಆದರೆ ವಿಚಾರಣೆಯ ವಿಷಯದಲ್ಲಿ ಸಾಮ್ಯವನ್ನು ಅತಿಯಾಗಿ ಎಳೆಯಬಾರದು. ೧೯೧೯ರಲ್ಲಿ ನೇಮಕವಾದ ಹಂಟರ್ ಸಮಿತಿ, ಅದರ ಆಂಗ್ಲ ಸದಸ್ಯರೂ ಸೇರಿ, ಡಯರನನ್ನು ತಪ್ಪಿತಸ್ಥನೆಂದು ಬಗೆಯಿತು. ಸಮಿತಿಯ ಮುಂದೆ ಡಯರನು ತಾನು ಮಾಡಿದುದನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದನು. ೧೯೭೨ರ ಬ್ರಿಟನ್ನು ತನ್ನದೇ ಪ್ರಜೆಗಳ ವಿಷಯದಲ್ಲಿ ಅಷ್ಟನ್ನೂ ಮಾಡಲಿಲ್ಲವೆಂಬುದು ವಿಚಿತ್ರವಾದರೂ ನಿಜ.

ಇಷ್ಟು ಹೇಳಿದ ಮೇಲೆ ನಾಟಕದ ಕೊರತೆಯನ್ನೂ ಹೇಳಬೇಕಾಗುತ್ತದೆ. ಅದು ಸಣ್ಣದಲ್ಲ.

ಫ್ರೀಲನು ತನ್ನ ಮೂವರನ್ನೂ ಪೂರ್ಣ ನಿರ್ದೋಷಿಗಳನ್ನಾಗಿ ಮಾಡಿದ್ದಾನೆ. ಅವರಲ್ಲಿ ಆಯುಧವಿಲ್ಲ, ಸಂಚಿಲ್ಲ, ದಾರಿ ತಪ್ಪಿ ಒಳಹೊಕ್ಕವರು. ಆದುದರಿಂದ ಪ್ರೇಕ್ಷಕನು ನ್ಯಾಯಾಧೀಶನನ್ನು ಖಂಡಿಸುವುದು ತೀರ ಸುಲಭವಾಗುತ್ತದೆ. ಕಷ್ಟವಾದ ಪ್ರಶ್ನೆ ಬೇರೆಯೇ ಇದೆ: ಸ್ಕಿನರನ ಜೇಬಿನಲ್ಲಿ ಒಂದು ಬಾಂಬು ಇದ್ದಿದ್ದರೆ? ಕೈ ಮೇಲೆತ್ತಿ ಬಂದ ಅಂಥವನನ್ನು ಕೊಂದುದು ಸರಿಯಾಗುತ್ತಿದ್ದಿತೇ? ನಿರಪರಾಧಿಯನ್ನು ಕೊಲ್ಲಬಾರದೆಂಬುದನ್ನು ಯಾವ ಸರಕಾರವೂ ಬಾಯಲ್ಲಿಯಾದರೂ ಅಲ್ಲಗಳೆಯುವುದಿಲ್ಲ. ಅಪರಾಧಿಯ ವಿಷಯದಲ್ಲಿ ತಾನು ಪಾಲಿಸಬೇಕಾದ ಮಿತಿಯೇನು ಎಂಬುದರಲ್ಲಿಯೇ ಸರಕಾರದ ಪರೀಕ್ಷೆ ಇರುವುದು. ಮೇಲಾಗಿ, ಆ ದಿನಗಳ ಡೆರಿಯಲ್ಲಿ ಬಂದೂಕುಧಾರಿಗಳು ಕಲ್ಪನೆಯ ಜೀವಿಗಳಾಗಿರಲಿಲ್ಲ. ನಾಟಕ ರಂಗಕ್ಕೆ ಬರುವ ಹಿಂದಿನ ವರ್ಷ, ೧೯೭೨ರಲ್ಲಿ, ಇದೇ ಗಿಲ್ಡ್‌ಹಾಲನ್ನು ಐ. ಆರ್. ಎ. ದವರು ಬಾಂಬಿಟ್ಟು ಒಡೆದಿದ್ದರು. ಡಬ್ಲಿನ್ನಿನ ಪ್ರೇಕ್ಷಕರು ರಂಗಸಜ್ಜಿಕೆಯಲ್ಲಿ ಆ ಕೊಠಡಿಯ ವೈಭವವನ್ನು ನೋಡುತ್ತಿದ್ದಾಗ ನಿಜವಾದ ಭವನ ಹಾಳುಬಿದ್ದಿದ್ದಿತು. ಅದೇ ವರ್ಷದ ಜುಲೈ ೨೧ರಂದು ಬೆಲ್‌ಫಾಸ್ಟಿನಲ್ಲಿ ಸುಮಾರು ಇಪ್ಪತ್ತು ಬಾಂಬುಗಳು ಒಂದೆರಡು ಗಂಟೆಗಳೊಳಗೆ ಸಿಡಿದು ಒಂಬತ್ತು ಜನ ಛಿದ್ರವಾದರು. ಆ ಮೂವತ್ತು ವರ್ಷಗಳ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ರಿಪಬ್ಲಿಕನ್ ಬಂದೂಕುಧಾರಿಗಳಿಂದಲೇ ಆದುವು. ಸರಕಾರದ ಪಡೆಗಳಿಂದ ಸತ್ತವರು ಹತ್ತರಲ್ಲಿ ಒಬ್ಬರಷ್ಟು. ಈ ಸಂಗತಿಗಳ ನೆರಳೂ ನಾಟಕದೊಳಗೆ ಬೀಳುವುದಿಲ್ಲ.

ಶಾನ್ ಓಕೇಸಿಯೊಡನೆ ಹೋಲಿಸಿದರೆ ಇದು ಸ್ಪಷ್ಟವಾಗುತ್ತದೆ. ೧೯೨೩ರ ‘ದಿ ಶ್ಯಾಡೊ ಆಫ್ ಎ ಗನ್‌ಮ್ಯಾನ್’ ನಾಟಕದಲ್ಲಿ ಕವಿಯೊಬ್ಬನು ತನ್ನನ್ನು ನೆರೆಹೊರೆಯವರು ಬಂದೂಕುಧಾರಿಯೆಂದು ಭಾವಿಸುವುದನ್ನು ಸುಖಿಸಿ ಸುಮ್ಮನಿರುತ್ತಾನೆ. ಅವನನ್ನು ಉಳಿಸಲು ಬಾಂಬುಗಳ ಚೀಲವನ್ನು ತನ್ನ ಕೋಣೆಗೆ ಒಯ್ದ ಹುಡುಗಿ ಸಾಯುತ್ತಾಳೆ. ಮರುವರ್ಷದ ‘ಜೂನೊ ಅಂಡ್ ದಿ ಪೇಕಾಕ್’ನಲ್ಲಿ ನೆರೆಯವಳ ಸತ್ತ ಮಗನಿಗಾಗಿ ಕೇಳಿಬಂದ ಶೋಕ, ತನ್ನ ಮಗನನ್ನು ಅವನದೇ ಪಕ್ಷದವರು ಕೊಂದಾಗ ಜೂನೊಳ ಬಾಯಲ್ಲಿ ಮರುದನಿಗೊಡುತ್ತದೆ. ಓಕೇಸಿಯು ಡಬ್ಲಿನ್ನಿನ ಬಡ ಪ್ರಾಟೆಸ್ಟಂಟರ ಮನೆಯಲ್ಲಿ ಹುಟ್ಟಿ ಕ್ಯಾಥೊಲಿಕ್ ಬಡವರ ನಡುವೆ ಬೆಳೆದವನು. ಬಂದೂಕಿನ ಮೋಹ ಜನಸಾಮಾನ್ಯರ ಒಳಗೇ ಹೇಗೆ ಬೆಳೆಯುತ್ತದೆಂಬುದನ್ನು ಅವನು ಕಂಡಂತೆ ಫ್ರೀಲನು ಇಲ್ಲಿ ಕಾಣಲಿಲ್ಲ. ಇನ್ನೊಂದು ಮಾತು: ಪಂಥಭೇದದಿಂದ ಸೀಳಿಹೋದ ಊರಿನ ಈ ನಾಟಕದಲ್ಲಿ ಆ ಊರಿನ ಪ್ರಾಟೆಸ್ಟಂಟನೊಬ್ಬನ ಮನಸ್ಸು ಎಲ್ಲಿಯೂ ತೆರೆಯುವುದಿಲ್ಲ. ಸ್ಕಿನರನು ಮೇಯರನ ಖಡ್ಗವನ್ನು ಗೋಡೆಯ ಮೇಲಿನ ಹಿರಿಯನ ಚಿತ್ರಕ್ಕೆ ಚುಚ್ಚಿದಾಗ ನಾವು ನಗುತ್ತೇವೆ. ೧೬೮೯ರ ಮುತ್ತಿಗೆಯ ಕಥೆಯನ್ನು ಅಜ್ಜಿಯ ಬಾಯಿಂದ ಕೇಳಿ ಬೆಳೆದ ಒಬ್ಬ ಪ್ರಾಟೆಸ್ಟಂಟ್ ಗುಮಾಸ್ತನಿಗೆ ಅದೇ ದೃಶ್ಯ ಏನೆನಿಸುತ್ತಿದ್ದಿತು? ಕೋಟೆಯ ಬಾಗಿಲು ಕೊನೆಗೂ ಮುರಿಯಿತೆನಿಸುತ್ತಿರಲಿಲ್ಲವೇ? ಆ ಭಯ ಅನ್ಯಾಯವನ್ನು ಸಮರ್ಥಿಸದು; ಆದರೆ ಅದು ನಿಜವಾದ ಭಯ. ೧೯೭೪ರ ಮೇ ತಿಂಗಳಲ್ಲಿ, ಎರಡು ಪಂಥದವರೂ ಕೂಡಿ ರಚಿಸಿದ್ದ ಸರಕಾರವನ್ನು ಪ್ರಾಟೆಸ್ಟಂಟ್ ಕಾರ್ಮಿಕರು ಎರಡು ವಾರಗಳ ಮುಷ್ಕರದಿಂದ ಉರುಳಿಸಿದಾಗ ಕೆಲಸ ಮಾಡಿದುದು ಅದೇ. ಅಂದು ಲಂಡನ್ನಿನ ಸರಕಾರ ಬೆದರಿಕೆಗೆ ಮಣಿಯಿತು. ಒಂದು ಕಡೆ ಕಠೋರತೆ, ಇನ್ನೊಂದು ಕಡೆ ಶರಣಾಗತಿ: ಎರಡರಿಂದಲೂ ಬಂದೂಕಿಗೆ ಬೆಲೆ ಹೆಚ್ಚಿತು.

ಫ್ರೀಲನು ಬಿಟ್ಟುಬಿಟ್ಟ ಕಷ್ಟದ ಪ್ರಶ್ನೆಯನ್ನು ಬಹುಕಾಲದ ಮೇಲೆ ಎತ್ತಿಕೊಂಡುದು ಒಂದು ಸರಕಾರಿ ವರದಿ. ೧೯೯೮ರಲ್ಲಿ ಪ್ರಧಾನಿ ಬ್ಲೇರನು ಲಾರ್ಡ್ ಸ್ಯಾವಿಲನ ಅಧ್ಯಕ್ಷತೆಯಲ್ಲಿ ಹೊಸ ವಿಚಾರಣೆಯನ್ನು ಘೋಷಿಸಿದನು. ಅದು ಕೂಡಿದ ಸ್ಥಳ, ದುರಸ್ತಿಯಾಗಿ ಮತ್ತೆ ತೆರೆದಿದ್ದ ಗಿಲ್ಡ್‌ಹಾಲ್. ನಾಟಕದ ಕಟ್ಟಡವೇ ನಿಜವಾದ ನ್ಯಾಯಪೀಠವಾಯಿತು. ಹನ್ನೆರಡು ವರ್ಷ, ಹತ್ತೊಂಬತ್ತು ಕೋಟಿ ಪೌಂಡಿಗೂ ಮಿಕ್ಕ ವೆಚ್ಚ, ಹತ್ತು ಸಂಪುಟಗಳ ವರದಿ. ೨೦೧೦ರ ಜೂನ್ ೧೫ರಂದು ಅದು ಪ್ರಕಟವಾದಾಗ ಪ್ರಧಾನಿ ಕ್ಯಾಮರನನು ಪಾರ್ಲಿಮೆಂಟಿನಲ್ಲಿ ನಿಂತು, ಆ ಗುಂಡುಹಾರಿಕೆಗೆ ಯಾವ ಸಮರ್ಥನೆಯೂ ಇರಲಿಲ್ಲ, ಇರಲಾರದು ಎಂದು ಒಪ್ಪಿ ಕ್ಷಮೆ ಬೇಡಿದನು. ಗಿಲ್ಡ್‌ಹಾಲಿನ ಮುಂದಿನ ಚೌಕದಲ್ಲಿ ನೆರೆದ ಸಾವಿರಾರು ಜನ ದೊಡ್ಡ ಪರದೆಯ ಮೇಲೆ ಅದನ್ನು ಕಂಡರು.

ಆದರೆ ಸಾಹಿತ್ಯವಿಮರ್ಶಕನ ದೃಷ್ಟಿಗೆ ಈ ವರದಿಯ ಹಿರಿಮೆ ಕ್ಷಮಾಯಾಚನೆಯಲ್ಲಿಲ್ಲ. ಸತ್ತವರಲ್ಲಿ ಹದಿನೇಳು ವರ್ಷದ ಒಬ್ಬ ಹುಡುಗನ ಜೇಬಿನಲ್ಲಿ ಮೊಳೆಬಾಂಬುಗಳು ಇದ್ದಿರಬಹುದೆಂದು ಅದು ಹೇಳಿತು. ಆತನ ಮನೆಯವರು ಇದನ್ನು ಒಪ್ಪಲಿಲ್ಲ. ಐ. ಆರ್. ಎ. ದ ಅಂದಿನ ಮುಂದಾಳುಗಳಲ್ಲಿ ಒಬ್ಬನಾಗಿದ್ದು ಮುಂದೆ ಉತ್ತರ ಐರ್ಲೆಂಡಿನ ಉಪಮುಖ್ಯಮಂತ್ರಿಯಾದ ಮಾರ್ಟಿನ್ ಮಗಿನಿಸನು ಅಂದು ಬಹುಶಃ ಒಂದು ಸಬ್‌ಮೆಷಿನ್ ಬಂದೂಕನ್ನು ಹೊಂದಿದ್ದನೆಂದೂ ಹೇಳಿತು. ಬೇರೆ ಗುಂಪಿನವರು ಕೆಲವರು ಗುಂಡು ಹಾರಿಸಿದುದನ್ನೂ ಮರೆಮಾಡಲಿಲ್ಲ. ಇಷ್ಟೆಲ್ಲವನ್ನೂ ಹೇಳಿ, ಅನಂತರ, ಗುಂಡೇಟು ತಗುಲಿದಾಗ ಆ ಹುಡುಗನಾಗಲಿ ಉಳಿದವರಾಗಲಿ ಯಾರಿಗೂ ಅಪಾಯ ಒಡ್ಡುತ್ತಿರಲಿಲ್ಲ, ಆದುದರಿಂದ ಅವರನ್ನು ಕೊಂದುದಕ್ಕೆ ಸಮರ್ಥನೆಯಿಲ್ಲ ಎಂದಿತು. ವಿಜರಿಯ ವರದಿಯಲ್ಲಿ ‘ಆದರೂ’ ಎಂಬುದು ಸತ್ತವರ ಮೇಲೆ ಸಂಶಯವನ್ನು ತಂದು ಹಾಕುವ ಪದವಾಗಿದ್ದಿತು. ಸ್ಯಾವಿಲನಲ್ಲಿ ಅದೇ ಪದ ಎದುರು ದಿಕ್ಕಿಗೆ ತಿರುಗಿ, ಸಂಶಯವೆಲ್ಲವೂ ನಿಜವೆಂದಿಟ್ಟುಕೊಂಡರೂ ಸರಕಾರವನ್ನು ಬಿಡದೆ ಹಿಡಿಯುತ್ತದೆ. ನಾಟಕಕಾರನು ಕೊಟ್ಟ ನಿಷ್ಕಳಂಕ ನಿರ್ದೋಷಿಗಳಿಗಿಂತ ಈ ಕಳಂಕಿತ ಸತ್ಯ ಹೆಚ್ಚು ದೃಢವಾದುದು. ಕಾನೂನಿನ ಗದ್ಯ ಕಲೆಯನ್ನು ಮೀರಿಸಿದ ಪ್ರಸಂಗಗಳು ಹೆಚ್ಚಿಲ್ಲ, ಇದೊಂದು.

ಪ್ರತಿವಾದವಿಲ್ಲದಿಲ್ಲ. ದಿನವೂ ಬಾಂಬು ಸಿಡಿಯುತ್ತಿರುವಾಗ ಹನ್ನೆರಡು ವರ್ಷದ ವಿಚಾರಣೆಗೆ ಯಾವ ಸರಕಾರಕ್ಕೆ ಬಿಡುವಿರುತ್ತದೆ? ಸ್ಯಾವಿಲನ ಸತ್ಯ ಶಾಂತಿ ಬಂದ ಮೇಲಿನ ಸತ್ಯವಲ್ಲವೇ? ಈ ಆಕ್ಷೇಪಣೆಯಲ್ಲಿ ತಿರುಳಿದೆ. ಆದರೆ ಅವಸರದ ಲೆಕ್ಕವನ್ನೂ ಅದೇ ಚರಿತ್ರೆ ಬರೆದಿಟ್ಟಿದೆ. ೧೯೭೪ರ ನವೆಂಬರ್ ೨೧ರಂದು ಬರ್ಮಿಂಗ್‌ಹ್ಯಾಮಿನ ಎರಡು ಪಾನಗೃಹಗಳಲ್ಲಿ ಬಾಂಬು ಸಿಡಿದು ಇಪ್ಪತ್ತೊಂದು ಜನ ಸತ್ತರು. ಎಂಟು ದಿನಗಳೊಳಗೆ ಪಾರ್ಲಿಮೆಂಟು ಭಯೋತ್ಪಾದನೆಯನ್ನು ತಡೆಗಟ್ಟುವ ತಾತ್ಕಾಲಿಕ ಕಾಯಿದೆಯನ್ನು ಮಾಡಿತು. ತಾತ್ಕಾಲಿಕವೆಂಬುದು ಇಪ್ಪತ್ತೈದು ವರ್ಷ ನಡೆಯಿತು. ಆ ಬಾಂಬಿಗಾಗಿ ಆರು ಜನ ಐರಿಶರು ಜೀವಾವಧಿ ಶಿಕ್ಷೆಗೆ ಗುರಿಯಾದರು. ತಮ್ಮನ್ನು ಹೊಡೆದು ತಪ್ಪೊಪ್ಪಿಗೆ ಬರೆಸಿಕೊಂಡರೆಂದು ಅವರು ಪೊಲೀಸರ ಮೇಲೆ ದ್ರವ್ಯದಾವೆ ಹೂಡಿದಾಗ, ೧೯೮೦ರಲ್ಲಿ ಲಾರ್ಡ್ ಡೆನಿಂಗನು ಕೊಟ್ಟ ಕಾರಣ ಪ್ರಸಿದ್ಧವಾಗಿದೆ: ಇವರು ಗೆದ್ದರೆ ಪೊಲೀಸರು ಸುಳ್ಳು ಹೇಳಿದರೆಂದೂ ಹಿಂಸಿಸಿದರೆಂದೂ ಶಿಕ್ಷೆ ತಪ್ಪೆಂದೂ ಆಗುತ್ತದೆ, ಅದು ಎಷ್ಟು ಭೀಕರವಾದ ನೋಟವೆಂದರೆ ದಾವೆಯನ್ನು ಮುಂದುವರಿಸಗೊಡಲಾಗದು. ದೊಡ್ಡ ಕಾನೂನು ಪಂಡಿತನು, ಇಂಗ್ಲಿಷ್ ಗದ್ಯದ ಒಳ್ಳೆಯ ಶೈಲಿಕಾರನು ಬೇರೆ, ಆಡಿದ ಮಾತು ಇದು. ಸತ್ಯ ಅಸಹ್ಯವಾಗಿರುವುದರಿಂದ ಅದು ಸತ್ಯವಾಗಿರಕೂಡದು! ಫ್ರೀಲನು ತನ್ನ ನ್ಯಾಯಾಧೀಶನ ಬಾಯಲ್ಲಿ ಇಂಥ ವಾಕ್ಯವನ್ನಿಟ್ಟಿದ್ದರೆ ಉತ್ಪ್ರೇಕ್ಷೆಯೆಂದು ಲಂಡನ್ನಿನ ವಿಮರ್ಶಕರು ಹಳಿಯುತ್ತಿದ್ದರು. ಆ ಆರು ಜನ ನಿರಪರಾಧಿಗಳೆಂದು ೧೯೯೧ರ ಮಾರ್ಚಿನಲ್ಲಿ ಬಿಡುಗಡೆಯಾದರು. ಹದಿನಾರು ವರ್ಷ ಅವರು ಒಳಗಿದ್ದಷ್ಟು ಕಾಲವೂ ನಿಜವಾದ ಕೊಲೆಗಾರರು ಹೊರಗಿದ್ದರು. ಕಠೋರತೆಯನ್ನು ಭದ್ರತೆಯ ಹೆಸರಿನಲ್ಲಿ ಸಮರ್ಥಿಸುವವರು ಈ ಎರಡನೆಯ ಅರ್ಧವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಬಂದೂಕುಧಾರಿಗೆ ತನ್ನ ಕೃತ್ಯವನ್ನು ಯಾರಿಗೂ ಒಪ್ಪಿಸಬೇಕಾಗಿಲ್ಲ, ಸರಕಾರಕ್ಕೆ ಒಪ್ಪಿಸಬೇಕಾಗಿದೆ. ಫ್ರೀಲನ ನಾಟಕ ಹಿಡಿದುಕೊಂಡಿರುವ ಭೇದ ಇದೊಂದೇ, ಮತ್ತು ಅದನ್ನು ಅದು ಬಲವಾಗಿ ಹಿಡಿದುಕೊಂಡಿದೆ. ೧೯೯೮ರ ಏಪ್ರಿಲ್ ೧೦ರ ಒಪ್ಪಂದವನ್ನು ಸಾಧ್ಯಗೊಳಿಸಿದ ಕಾರಣಗಳು ಅನೇಕ. ಅದಕ್ಕೆ ತೆತ್ತ ಬೆಲೆಯಲ್ಲಿ ಕೊಲೆಗಾರರ ಬಿಡುಗಡೆಯೂ ಸೇರಿದ್ದಿತು, ಅದನ್ನು ನುಂಗಿಕೊಳ್ಳಲಾರದ ತಾಯಂದಿರು ಎರಡು ಪಂಥಗಳಲ್ಲಿಯೂ ಉಳಿದರು. ಡೆರಿಯ ಆ ಭಾನುವಾರಕ್ಕಾಗಿ ಕೊಲೆಯ ಆಪಾದನೆಯ ಮೇಲೆ ನ್ಯಾಯಾಲಯಕ್ಕೆ ಬಂದ ಒಬ್ಬನೇ ಒಬ್ಬ ಹಳೆಯ ಸೈನಿಕನು ೨೦೨೫ರಲ್ಲಿ ನಿರ್ದೋಷಿಯೆಂದು ಬಿಡುಗಡೆಯಾದನು.

ಈ ನಾಟಕವನ್ನು ಕನ್ನಡಕ್ಕೆ ತರಲು ಹೊರಡುವವನಿಗೆ ಹೆಸರಿನಲ್ಲಿಯೇ ಮೊದಲ ತೊಡಕು: ಬಿರುದು, ಸ್ವಾತಂತ್ರ್ಯ ಎರಡನ್ನೂ ಒಂದೇ ಪದದಲ್ಲಿ ಹಿಡಿಯುವ ಮಾತು ನಮ್ಮಲ್ಲಿಲ್ಲ. ಎರಡನೆಯದು ಲಿಲಿಯ ಆಡುಮಾತು. ಡೆರಿಯ ಓಣಿಯ ಆ ನುಡಿಗೆ ಧಾರವಾಡದ ಕನ್ನಡವೋ ಕುಂದಾಪುರದ ಕನ್ನಡವೋ ಎಂಬ ಆಯ್ಕೆಯನ್ನು ಭಾಷಾಂತರಕಾರನ ಹುಟ್ಟೂರಿಗೆ ಬಿಡಬಹುದು. ನ್ಯಾಯಾಧೀಶನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಅವನಿಗೆ ಕಡತದ ಕೊಳಕು ಕನ್ನಡವನ್ನು ಕೊಟ್ಟು ಹಾಸ್ಯಾಸ್ಪದನನ್ನಾಗಿ ಮಾಡಿದರೆ ನಾಟಕ ಕೆಟ್ಟಿತು. ನಾವು ಸಭೆಗಳಲ್ಲಿ ಕೇಳಿ ತಲೆದೂಗುವ, ಈ ಬಗೆಯ ಪತ್ರಿಕೆಗಳಲ್ಲಿ ಬರೆಯುವ, ಸಮತೂಕದ ಗ್ರಾಂಥಿಕ ಕನ್ನಡವನ್ನೇ ಅವನ ಬಾಯಲ್ಲಿಡಬೇಕು.